ಕಾಶಿಯಲ್ಲಿ ಬಿಟ್ಟ ಮೊಸರು

ನನ್ನ ಅತ್ತೆಗೆ ಮೊಸರೆಂದರೆ ಪ್ರಾಣ. ಅದಕ್ಕೇ ಕಾಶಿಗೆ ಹೋದಾಗ ಅದನ್ನೇ ಬಿಟ್ಟು ಬಂದರು, ಇಷ್ಟವಾದದ್ದನ್ನು ಬಿಡಬೇಕಲ್ಲ. ಮೊಸರಿನ ಹಿಂದೆ ಹಾಲು, ಮಜ್ಜಿಗೆಯೂ ಹೋದವು. ಬೇರೆಯವರು ಜಾಣತನದಿಂದ ಹಾಗಲಕಾಯಿ ಬಿಟ್ಟು ಬರುತ್ತಾರೆ. ಅತ್ತೆಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಸಿಟ್ಟೂ ಇತ್ತು.

ಕೆಲವು ವರ್ಷ ಕಳೆದ ಮೇಲೆ ಅವರಿಗೆ ಸುಸ್ತು, ಮರೆವು ಶುರುವಾಯಿತು. ಕೊಪ್ಪದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಟಿಎಸ್‌ಎಚ್ ಹೆಚ್ಚು ಎಂದು ಬಂತು. ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದರು ಮಾವ. ಥೈರಾಯ್ಡ್ ಗ್ರಂಥಿ ಸೋತಾಗ ಅದನ್ನು ಎಬ್ಬಿಸಲು ಮೆದುಳು ಜೋರಾಗಿ ಕೂಗುತ್ತದೆ, ಇದು ಆ ಕೂಗಿನ ಅಳತೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕಾಫಿ. ಅತ್ತೆಯದು ಹಾಲಿಲ್ಲದ ಕಾಫಿ.

ಮುಂದಿನ ಸಲದ ರಿಪೋರ್ಟ್ ನಾರ್ಮಲ್. ಮನೆಯವರೆಲ್ಲ ನಿರಾಳರಾದರು. ಅತ್ತೆ ಮಾತ್ರ ಸರಿಯಾಗಲಿಲ್ಲ. ಅಂಗಾಲಿನಲ್ಲಿ ಜುಮುಜುಮು, ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ ಎನ್ನುತ್ತಿದ್ದರು. ಥೈರಾಯ್ಡ್ ಇದ್ದವರಿಗೆ ಅದೆಲ್ಲ ಇದ್ದದ್ದೇ ಎಂದು ನಾದಿನಿ ಫೋನಿನಲ್ಲೇ ತೀರ್ಪು ಕೊಟ್ಟಳು. ಒಮ್ಮೆ ಶೃಂಗೇರಿಯಲ್ಲಿ ಬಸ್ಸಿಳಿದು ದೇವಸ್ಥಾನದ ತನಕ ನಡೆದೆವು. ಚಪ್ಪಲಿ ಬಿಡುವಾಗ ನೋಡಿದರೆ ಅತ್ತೆಯ ಒಂದೇ ಕಾಲಿನಲ್ಲಿ ಚಪ್ಪಲಿ. ಇನ್ನೊಂದು ಎಲ್ಲಿ ಕಳಚಿತೋ ಅವರಿಗೆ ಗೊತ್ತೇ ಆಗಿರಲಿಲ್ಲ. ಅವರು ನಕ್ಕರು. ನನಗೆ ಹೆದರಿಕೆಯಾಯಿತು.

ಮರುದಿನವೇ ಡಾಕ್ಟರ ಬಳಿ ಕರೆದೊಯ್ದೆ. ಅವರು ಪಾದಕ್ಕೆ ಸೂಜಿಯ ಮೊನೆ ಮುಟ್ಟಿಸಿ ನೋಡಿ, ಊಟಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದರು. ಅನ್ನ, ಸಾರು, ಪಲ್ಯ ಎಂದಷ್ಟೇ ಹೇಳಿದರು ಅತ್ತೆ. ನಾನೇ ಬಾಯಿ ಬಿಟ್ಟೆ.

"ಹಾಲು, ಮೊಸರು ಎಂತದೂ ಮುಟ್ಟಲ್ಲ ಡಾಕ್ಟ್ರೇ. ಕಾಶೀಲಿ ಬಿಟ್ಟು ಬಂದಿದಾರೆ."

ನರಗಳನ್ನು ಕಾಯುವ ವಿಟಮಿನ್ ಬಿ ಟ್ವೆಲ್ವ್‌ನ ಅಂಕಿ ಪರೀಕ್ಷೆಯಲ್ಲಿ ತೀರಾ ಕೆಳಗಿತ್ತು. ಮೀನು, ಮೊಟ್ಟೆ ತಿನ್ನದವರಿಗೆ ಅದು ಸಿಗುವುದು ಹಾಲು ಮೊಸರಿನಿಂದಲೇ, ಥೈರಾಯ್ಡ್ ಮಾತ್ರೆ ಆ ಕೊರತೆ ತುಂಬುವುದಿಲ್ಲ ಎಂದರು ಡಾಕ್ಟರು. ಇಂಜೆಕ್ಷನ್ ಶುರುವಾಯಿತು. ಸತ್ತ ಸ್ಪರ್ಶ ಎಷ್ಟು ಮರಳುತ್ತದೆ ಎಂದು ಮಾತ್ರ ಹೇಳಲಿಲ್ಲ.

ಇನ್ನಾದರೂ ಮೊಸರು ಹಾಕಿಕೊಳ್ಳಿ ಎಂದು ಅಂಗಲಾಚಿದೆ.

"ದೇವ್ರಿಗೆ ಬಿಟ್ಟಿದ್ದನ್ನ ವಾಪಸ್ ತಗಳಕ್ಕಾಗುತ್ತೇನೆ?" ಎಂದರು.

ಈಗ ಮರೆವು ಕಡಿಮೆಯಾಗಿದೆ, ಮುಖದಲ್ಲಿ ಕಳೆ ಬಂದಿದೆ. ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಪೂಜೆಗೆ ಹೂ ಕೊಯ್ಯುತ್ತಾ, ಕಾಲು ಎಷ್ಟೋ ವಾಸಿ ಎಂದು ನನಗೆ ಹೇಳುತ್ತಿದ್ದರು. ಕೆಂಪಿರುವೆಗಳು ಅವರ ಪಾದವಿಡೀ ಹತ್ತಿ, ಬೆರಳ ಸಂದಿಯಲ್ಲಿ ಕಚ್ಚಿ ಹಿಡಿದಿದ್ದವು. ಅತ್ತೆ ಮಾತಾಡುತ್ತಲೇ ಇದ್ದರು.