ಪೀರಾಂಬಿಯ ಬಲಗೈ

ತಿಕೋಟಾದ ಬಳಿಗಾರತಿ ಪೀರಾಂಬಿ ಯಾರ ಕೈನೂ ನೋಡಿ ಬಳಿ ಇಟ್ಟಾಕಿ ಅಲ್ಲ. ನೋಡೂದಂದ್ರ ಆಕಿಗೆ ಅವಮಾನ. ಹೆಗಲ ಮ್ಯಾಲಿನ ಬಳಿ ಮಲಾರ ಇಳಿಸಿ ಕಟ್ಟಿ ಮ್ಯಾಲ ಕುಂತು, ಎದುರಿನಾಕಿಯ ಅಂಗೈ ತನ್ನ ಬಲಗೈಯಾಗ ಹಿಡಿದು, ಹೆಬ್ಬೆರಳ ಬುಡ ಒಮ್ಮೆ ಅಮುಕಿದಳಂದ್ರ ಮುಗೀತು: ಇದು ಎರಡು-ನಾಕರ ಅಳತಿ ಬಳಿ, ಇದು ಎರಡು-ಆರರದು. ಕಣ್ಣು ಹೆಣಮಗಳ ಮಾರಿ ಮ್ಯಾಲ, ಬಾಯಾಗ ಅತ್ತಿ-ಸೊಸಿ ಸುದ್ದಿ, ಕೈ ತನ್ನ ಪಾಡಿಗೆ ತಾ ಬಳಿ ಏರಸ್ತಿತ್ತು. ಅಳತಿ ಕೇಳಿ ಬಳಿ ಕೊಡೋರನ್ನ ಆಕಿ ಬಳಿಗಾರರಂತ ಲೆಕ್ಕಕ್ಕ ಹಿಡೀತಿರಲಿಲ್ಲ. ವಿಜಾಪುರದ ಬಜಾರದಾಗ ದೊಡ್ಡ ಅಂಗಡಿ ಇಟ್ಟವರ ಮುಂದೂ ಹಂಗ ಅಂದು ಬರಾಕಿ. ಸೊಕ್ಕ ಇತ್ತು, ಇಲ್ಲ ಅನ್ನಂಗಿಲ್ಲ. ಗಂಡ ಸತ್ತ ಮ್ಯಾಲ ಒಬ್ಬಾಕಿ ಮಗಳು ಅಬೇದಾನ್ನ ಆ ಕೈಯಿಂದನ ಸಾಕಿ, ಕಾಖಂಡಕಿಗೆ ಮದಿವಿ ಮಾಡಿ ಕೊಟ್ಟಾಕಿಗೆ ಅಷ್ಟರ ಸೊಕ್ಕ ಇರಬಾರದೇನು?

ಎಪ್ಪತ್ನಾಕನೇ ಇಸವಿ ಚಳಿಗಾಲದಾಗ ಆ ಬಲಗೈ ದೊಡ್ಡದಾಗಾಕ ಹತ್ತಿತು. ಕಣ್ಣಿಗಲ್ಲ, ಒಳಗ. ಮೊದಲ ಬೆರಳ ತುದಿ ಜೋಮು ಹಿಡಿದಂಗಾತು. ಆಮ್ಯಾಲ ಕಣ್ಣ ಮುಚ್ಚಿದರ ಸಾಕು, ಮಣಿಕಟ್ಟಿನ ಮುಂದ ಮೊರದಷ್ಟಗಲ ಏನೋ ಜೋತುಬಿದ್ದಂಗ ಆಗತಿತ್ತು. ಕಣ್ಣ ತೆರೆದು ನೋಡಿದರ ಅದ ಹಳೀ ಕೈ. ಅದರಾಗ ಹಿಡಿದ ಮಂದಿ ಕೈ ಮಾತ್ರ ಸಣ್ಣವಾಗಿ ಬರಾಕ ಹತ್ತಿದ್ವು. ಘೋಣಸಗಿಯ ಮುರಿಗೆವ್ವ ಬೀಸೂಕಲ್ಲ ತಿರುವಿ ಗಟ್ಟಿಮುಟ್ಟಾದ ಹೆಣಮಗಳು. ಆಕಿ ಅಂಗೈನೂ ಕೂಸಿನ ಕೈಯಂಗ ಹತ್ತಿತು. ಈ ವರ್ಷ ಸೊರಗೀ ಅಂತ ಪೀರಾಂಬಿ ಅಂದರ ಮುರಿಗೆವ್ವ ನಕ್ಕಳು. ಇಟ್ಟ ಸಣ್ಣ ಬಳಿ ಅರ್ಧಕ್ಕ ಸಿಕ್ಕು ಒಡದ್ವು. ಗಾಜು ಈ ಸಲ ಕಚ್ಚಾ ಬಂದೈತಿ ಅಂತ ವಿಜಾಪುರದ ವ್ಯಾಪಾರಿಗೆ ಬೈದು ಪೀರಾಂಬಿ ಜಾರಿಕೊಂಡಳು. ಒಂದ ಸಲ ಬಾಯಿಬಿಟ್ಟು ಅಳತಿ ಕೇಳಿದ್ರ ಏನು ಗಂಟು ಹೋಗತಿತ್ತು? ಕೇಳಲಿಲ್ಲ ನೋಡ್ರಿ.

ಮುಂದಿನ ಬ್ಯಾಸಿಗ್ಯಾಗ ಅದ ಮುರಿಗೆವ್ವನ ಮಗಳು ರೇಣುಕವ್ವನ ಮದಿವಿ ಬಂತು. ಮದಿಮಗಳಿಗೆ ಹಸರ ಬಳಿ ಇಡಾಕ ಪೀರಾಂಬಿಗೇ ಹೇಳಿ ಕಳಿಸಿದ್ರು. ಮದಿಮಗಳ ಬಳಿ ಒಡದ್ರ ಅಪಶಕುನ ಅಂತ ಬೀಗರು ಕಣ್ಣಾಗ ಎಣ್ಣಿ ಬಿಟ್ಕೊಂಡು ಕುಂತಿದ್ರು. ಪೀರಾಂಬಿ ಹುಡಿಗಿ ಕೈ ಹಿಡಿದು ಅಮುಕಿದಳು. ಸಣ್ಣ ಕೈ ಅನಿಸಿತು. ಸಣ್ಣ ಬಳಿ ತಗದು ಒತ್ತಿದಳು. ಹುಡಿಗಿ ಹಲ್ಲ ಕಚ್ಚಿ ತಡಕೊಂಡಳು. ಇನ್ನೊಂದಿಷ್ಟು ಒತ್ತಿದ್ದ ತಡ, ಬಳಿ ಚಟ್ಟನ ಒಡೀತು. ಪೀರಾಂಬಿ ಹುಡಿಗಿ ಕೈ ಮ್ಯಾಲಿನ ರಕ್ತ ಸೆರಗಿಲೆ ಒರಸಿದಳು. ಒರಸಿದಷ್ಟೂ ಬರಾಕತ್ತಿತ್ತು.

ಮುರಿಗೆವ್ವ ಸನೇಕ ಬಂದು ಬಗ್ಗಿ ನೋಡಿ, ದನಿ ತಗ್ಗಿಸಿ ಅಂದಳು: "ಅದು ಹುಡಿಗಿ ರಕ್ತ ಅಲ್ಲ ಬೇ ಪೀರಾಂಬಿ. ಗಾಜು ನಿನ್ನ ಬೆರಳಾಗ ನಟ್ಟೈತಿ. ನಿನಗ ಗೊತ್ತಾಗವಲ್ದೇನು?"

ಗೊತ್ತಾಗಿರಲಿಲ್ಲ. ಮದಿಮಗಳನ್ನ ಒಳಗ ಕರಕೊಂಡು ಹೋಗಿ ಆಕಿ ಕೈ ಮೂರು ಸಲ ನೀರು ಹಾಕಿ ತೊಳದ್ರು. ಅದು ಎಂಥಾ ಜಡ್ಡು ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಬೇದಾ ಬಂದು ಅಮ್ಮನ್ನ ವಿಜಾಪುರದ ದವಾಖಾನಿಗೆ ಕರಕೊಂಡು ಹೋದಳು. ಡಾಕ್ಟರು ಕಣ್ಣ ಮುಚ್ಚಿಸಿ ಬಲಗೈ ಬೆರಳಿಗೆ ಎರಡು ಪೆನ್ಸಿಲ್ ತುದಿ ಮುಟ್ಟಿಸಿ, ಎಷ್ಟು ಅಂತ ಕೇಳಿದ್ರು. ಪೀರಾಂಬಿ ಒಂದು ಅಂದಳು. ಎಡಗೈಗೆ ಮುಟ್ಟಿಸಿದಾಗ ಎರಡು ಅಂದಳು. ಕುಷ್ಠ ಅಂತ ಡಾಕ್ಟರು ಹೇಳಿದ್ರು. ಸ್ಪರ್ಶ ಸತ್ತ ಕೈ ದೊಡ್ಡದಾದಂಗ, ಅದು ಹಿಡಿದದ್ದು ಸಣ್ಣದಾದಂಗ ಅನಸ್ತೈತಿ, ಖರೇ ಅಂದ್ರ ಕೈ ಇದ್ದಷ್ಟ ಐತಿ ಅಂತ ತಿಳಿಸಿದ್ರು. ಗುಳಿಗಿ ವರ್ಷಗಟ್ಟಲೆ ನುಂಗಬೇಕು. ಗುಳಿಗಿ ನುಂಗೋರನ್ನ ಮುಟ್ಟಿದರ ರೋಗ ಹತ್ತೂದಿಲ್ಲ ಅಂತ ಅಬೇದಾನ ಮುಂದ ಎರಡು ಸಲ ಹೇಳಿದ್ರು. ಅಬೇದಾ ಎರಡೂ ಸಲ ಹೂಂ ಅಂದಳು.

ನಾಕು ವರ್ಷ ಪೀರಾಂಬಿ ಒಂದು ಗುಳಿಗಿ ತಪ್ಪಿಸಲಿಲ್ಲ. ರೋಗ ಹೋತು, ಬೆರಳಿಗೆ ಜೀವ ಬರಲಿಲ್ಲ. ಆಕಿ ಸುಮ್ಮನ ಕುಂಡ್ರೋ ಪೈಕಿ ಅಲ್ಲ, ಎಡಗೈಲೆ ಅಳತಿ ಹಿಡಿಯೂದು ಕಲತಳು. ಅಳತಿಗೆ ಊರಾಗ ಯಾರೂ ಕೈ ಕೊಡವಲ್ರು, ಹಿಂಗಾಗಿ ತನ್ನ ಬಲಗೈಯನ್ನ ತಾನ ಎಡಗೈಯಾಗ ಹಿಡಿದು ಅಳೀತಿದ್ದಳು. ಅಳತಿ ಒಂದು ಕೂದಲೆಳಿ ತಪ್ಪತಿರಲಿಲ್ಲ.

ಎಪ್ಪತ್ತೊಂಬತ್ತರಾಗ, ಮದಿವಿಯಾಗಿ ಆರು ವರ್ಷಕ್ಕ, ಅಬೇದಾ ಬಸುರಾದಳು. ಏಳನೇ ತಿಂಗಳ ಹಸರ ಬಳಿ ತವರವರು ಒಯ್ಯಬೇಕು. ಪೀರಾಂಬಿ ಒಂದೊಂದ ಬಳಿ ಆರಿಸಿ ಕಟಗೊಂಡು ಕಾಖಂಡಕಿಗೆ ಹೋದಳು. ಅಂಗಳದಾಗ ಬಬಲೇಶ್ವರದ ಇನ್ನೊಬ್ಬ ಬಳಿಗಾರತಿ ಆಗಲೇ ಬಂದು ಕುಂತಿದ್ದಳು. ಪೀರಾಂಬಿ ರೋಗ ಹೋಗೈತಿ ಅಂತ ಬರೆದ ಡಾಕ್ಟರ ಚೀಟಿ ಬಿಚ್ಚಿ, "ನನ್ನ ಮಗಳಿಗೆ ನಾನ ಇಡತೀನ್ರಿ" ಅಂದಳು. ಬೀಗತಿ ದಾವಲಬಿ ತಾನು ಕೆಟ್ಟಾಕಿ ಆಗಲಿಲ್ಲ. ಅಬೇದಾ ಹೂಂ ಅಂದ್ರ ಇಡ್ರಿ ಅಂದಳು.

ಎಲ್ಲಾರೂ ಅಬೇದಾನ ಮಾರಿ ನೋಡಿದರು. ಅಬೇದಾ ಎರಡೂ ಕೈ ಸೆರಗಿನಾಗ ಇಟ್ಕೊಂಡು ನೆಲಾ ನೋಡಕೋತ ಅಂದಳು: "ಡಾಕ್ಟರು ಹೇಳಿದ್ದು ನಾನೂ ಕೇಳೀನಿ ಅಮ್ಮಾ. ಹೊಟ್ಟ್ಯಾಗ ಕೂಸೈತಿ. ಬಳಿ ಅಲ್ಲೇ ಇಡು."

ಪೀರಾಂಬಿ ಬಳಿ ನೆಲಕ್ಕ ಇಟ್ಟಳು. ಬಬಲೇಶ್ವರದಾಕಿ ಅವನ್ನ ಮುಟ್ಟಾಕ ಒಲ್ಲೆ ಅಂದು ತನ್ನ ಚೀಲದಾಗಿನ ಬ್ಯಾರೆ ಬಳಿ ತಗದಳು. ಅಬೇದಾ ಆಕಿಗೆ ಕೈ ಚಾಚಿದಳು.