ತಮ್ಮನ ತಪ್ಪುಗಳ ಪಟ್ಟಿ

ನನ್ನ ತಮ್ಮ ಮಿಲಿಟರಿಯಲ್ಲಿದ್ದಾನೆ. ನಾನು ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ದಾಂಡೇಲಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು ಇಬ್ಬರೇ. ಅವ್ವನಿಗೆ ಓದಲು ಬಾರದು. ತಮ್ಮ ನನ್ನ ಮೊಬೈಲಿಗೆ ಬರೆದು ಕಳಿಸಿದ್ದನ್ನು ನಾನು ಸಂಜೆ ಬಸ್ಸಿಳಿದು ಬಂದ ಕೂಡಲೇ, ಚಹಾಕ್ಕೂ ಮೊದಲು, ಓದಿ ಹೇಳಬೇಕು.

ಅವನು ಬರೆಯುತ್ತಿದ್ದ ಪರಿಯೋ, ದೇವರಿಗೇ ಪ್ರೀತಿ. ಬೆಟಾಲಿಯನ್ ಅವನಿಗೆ ‘ಬಾಟಲಿಯನ್’. ಲ್ಯಾನ್ಸ್ ನಾಯಕ್ ಎಂಬ ಹುದ್ದೆ ‘ಲಾಸ್ಟ್ ನಾಯಕ’. ಪಲ್ಟನ್ನಿನ ಕಾವಲು ಕೋಣೆಗೆ ಕ್ವಾರ್ಟರ್ ಗಾರ್ಡ್ ಅನ್ನುತ್ತಾರಂತೆ. ಇವನು ‘ಕ್ವಾರ್ಟರ್ ಗಾರ್ಡನ್’ ಡ್ಯೂಟಿ ಎಂದು ಬರೆದಿದ್ದ. “ಗುಲಾಬಿ ಹಚ್ಯಾರೇನು ಕೇಳು” ಅಂದಳು ಅವ್ವ.

ನಕ್ಕು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾನು ಟೀಚರು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ನಡುವೆ ಗೆರೆ ಎಳೆದು ಈ ಕಡೆ ‘ತಪ್ಪು’, ಆ ಕಡೆ ‘ಸರಿ’ ಎಂದು ಬರೆದು ಅವನ ಮಾತುಗಳನ್ನೆಲ್ಲ ಇಳಿಸಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. “ಯಾರು ಬರದಾರ್ರಿ ಟೀಚರ್?” ಎಂದು ಒಬ್ಬಳು ಕೇಳಿದಾಗ “ನನ್ನ ತಮ್ಮ” ಅಂದೆ, ಅದೇನೋ ಹೆಮ್ಮೆಯ ವಿಷಯ ಎಂಬಂತೆ. ಬೋರ್ಡಿನ ಫೋಟೋ ತೆಗೆದು ಶಿಕ್ಷಕರ ಗ್ರೂಪಿಗೂ ಹಾಕಿದೆ. ಅಲ್ಲಿಂದ ಅದು ಯಾರ ಯಾರ ಮೊಬೈಲು ಹತ್ತಿತೋ ಏನೋ.

ಎಂಟು ದಿನಕ್ಕೆ ಅವನಿಂದ ಎರಡು ಸಾಲು ಬಂತು. “ಅಕ್ಕ ಫೋಟೋ ನೋಡೇನಿ. ಇಲ್ಲಿ ಎಲ್ಲಾರೂ ನನಗ ಬಾಟಲಿ ಅಂತಾರ.” ಹನಿ ಮುಟ್ಟದವನು ನನ್ನ ತಮ್ಮ. ನಾನಾದರೂ ತಪ್ಪಾಯಿತು ಅನ್ನಬೇಕೋ ಬೇಡವೋ? “ಇಷ್ಟಕ್ಕೆಲ್ಲ ಸಿಟ್ಟು ಮಾಡ್ಕೋತಾರೇನೋ ಹುಚ್ಚಾ” ಎಂದು ಬರೆದೆ. ಆಮೇಲೆ ಅವನು ಬರೆಯಲೇ ಇಲ್ಲ. ಫೋನೂ ಎತ್ತಲಿಲ್ಲ.

ಅವ್ವ ದಿನಾ ಬಾಗಿಲಲ್ಲೇ ಕೇಳುತ್ತಿದ್ದಳು, “ಏನ ಬರದಾನ?” ನಾಲ್ಕು ದಿನ ಇಲ್ಲ ಅಂದೆ. ಅವಳು ಊಟ ಬಿಡತೊಡಗಿದಳು. ಐದನೇ ದಿನ ಮೊಬೈಲು ಹಿಡಿದುಕೊಂಡು ಸುಳ್ಳು ಓದಿದೆ. ಆರಾಮಿದ್ದಾನಂತೆ, ಥಂಡಿ ಹೆಚ್ಚಿದೆಯಂತೆ, ನಿನ್ನ ಗುರೆಳ್ಳು ಚಟ್ನಿ ನೆನಪಾಗುತ್ತದಂತೆ. ಅವ್ವ ಎರಡು ರೊಟ್ಟಿ ಹೆಚ್ಚು ತಿಂದಳು. ಅಂದಿನಿಂದ ಅದೇ ರೂಢಿಯಾಯಿತು.

ಹೀಗೆ ಒಂದು ತಿಂಗಳಾಗಿರಬೇಕು. ಸಂಬಂಧಿಕರ ಕೂಸು ನೋಡಲು ನಾನೂ ಅವ್ವನೂ ಮುಂಡಗೋಡಕ್ಕೆ ಹೋದಾಗ ಸಂತೆಯಲ್ಲಿ ಗುರುತಿನ ಒಬ್ಬ ಹೆಣ್ಣುಮಗಳು ಸಿಕ್ಕಳು. ಅವಳ ಗಂಡ, ನನ್ನ ತಮ್ಮ ಇಬ್ಬರೂ ಒಂದೇ ಬೆಟಾಲಿಯನ್ನು. ಅವ್ವನ ಕೈ ಹಿಡಿದು, “ಮಗನ ಕೈ ಈಗ ಹೆಂಗೈತ್ರಿ? ಇಪ್ಪತ್ತ ದಿನ ಆತು, ಇನ್ನೂ ದವಾಖಾನ್ಯಾಗ ಅದಾನ ಅಂದ್ರು ನಮ್ಮವರು” ಅಂದಳು.

ಅವ್ವ ನನ್ನ ಕಡೆ ತಿರುಗಿದಳು.

“ನಿನ್ನಿ ಸಂಜಿಮುಂದ ಓದಿ ಹೇಳಿದ್ಯಲ್ಲ?”

ಸಂತೆಯ ಮಂದಿಯ ನಡುವೆ ನಿಂತು ಅತ್ತೆ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಫೋನು ಹಚ್ಚಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದ.

“ಯಾಕ ಹೇಳಲಿಲ್ಲೋ ತಮ್ಮಾ?”

“ಏನಂತ ಬರೀಲಿ ಅಕ್ಕ? ಗಾಡಿ ಪಲ್ಟಿ ಆಗಿ ಕೈ ಎರಡ ಕಡೆ ಮುರದೈತಿ. ಡಾಕ್ಟರ್ ಹೇಳಿದ್ದು ಒಂದೂ ನನಗ ಬರಿಯಾಕ ಬರೂದಿಲ್ಲ. ನೀ ಮತ್ತ ಬೋರ್ಡಿನ ಮ್ಯಾಲ ಹಾಕಿದ್ರ?”

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅವನು ನಿಜಕ್ಕೂ ಹೆದರಿದ್ದ. ಗಡಿಯಲ್ಲಿ ಬಂದೂಕು ಹಿಡಿದು ನಿಲ್ಲುವವನು ನನಗೆ ಹೆದರಿ ಮುರಿದ ಕೈಯನ್ನು ಮುಚ್ಚಿಟ್ಟಿದ್ದ. ತಪ್ಪಾಯಿತು ಅಂದೆ. “ಹೋಗ್ಲಿ ಬಿಡಕ್ಕ” ಅಂದ. ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡು ಎದ್ದು ದೂರ ಹೋದಳು.

ಈಗ ಅವ್ವ ಬೇರೆ ಮೊಬೈಲು ಇಟ್ಟುಕೊಂಡಿದ್ದಾಳೆ. ತಮ್ಮ ಅದಕ್ಕೆ ತನ್ನ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾನೆ. ಯಾವುದನ್ನು ಒತ್ತಬೇಕು ಎಂಬುದನ್ನು ಪಕ್ಕದ ಮನೆಯವರ ಹತ್ತಿರ ಕಲಿತುಕೊಂಡಳು, ನನ್ನ ಕೇಳಲಿಲ್ಲ. ದನಿ ಸಣ್ಣಗೆ ಮಾಡಿ ಕಿವಿಗೆ ಒತ್ತಿಕೊಂಡು ಕೇಳುತ್ತಾಳೆ. ಮೊನ್ನೆ ತಡೆಯಲಾರದೆ, “ಏನಂತ ಅವ್ವಾ?” ಅಂದೆ.

“ನಿನಗ ಹೇಳೂದಿದ್ರ ನಿನಗ ಕಳಸ್ತಿದ್ದ” ಅಂದಳು.