ಸುಮ್ಮನಿರಲು ಕಲಿತ ಪ್ರೋಗ್ರಾಮು

ಹಪ್ಪಳದ ಹಿಟ್ಟು ನಾದುತ್ತಿದ್ದೆ. ಪಕ್ಕದ ಕ್ವಾರ್ಟರ್ಸಿನ ಇಂಜಿನಿಯರ್ ಹುಡುಗಿ ಬಾಗಿಲಲ್ಲಿ ನಿಂತು, ಕನ್ನಡಕ ತಲೆಗೇರಿಸಿಕೊಂಡು, "ಅಕ್ಕಾ, ಒಪ್ಕಂಡ್ರು" ಎಂದಳು. ಖುಷಿಯಾಗಲಿ ಬೇಸರವಾಗಲಿ, ಮೊದಲು ಆ ಕನ್ನಡಕ ತಲೆಗೇರುತ್ತಿತ್ತು.

ನಮ್ಮೂರು ಮಾಸ್ತಿಕಟ್ಟೆಗೆ ಕಂಪ್ಯೂಟರ್ ಬಂದ ಹೊಸತು. ಅಣೆಕಟ್ಟಿನ ನೀರು ಲೆಕ್ಕ ಹಾಕುವ ಪ್ರೋಗ್ರಾಮೊಂದನ್ನು ಅವಳು ಬರೆದಿದ್ದಳು. ಬೇರೆ ಆಫೀಸಿನವರು ಅದನ್ನು ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಂಡು ಬಳಸಬೇಕಿತ್ತು. ಆದರೆ ಅದು 'ಇದನ್ನು ಓದಿದೆ, ಅದನ್ನು ಕೂಡಿದೆ' ಎಂದು ತನ್ನ ಪ್ರತಿ ಹೆಜ್ಜೆಯನ್ನೂ ಅವರ ಪ್ರಿಂಟರಿನಲ್ಲಿ ಅಚ್ಚು ಹಾಕುತ್ತಿತ್ತು. ಆ ಸಾಲುಗಳ ನಡುವೆ ಅವರ ವರದಿಯೇ ಕಳೆದುಹೋಗಿ, ಪ್ರೋಗ್ರಾಮು ವಾಪಸ್ ಬಂದಿತ್ತು. ಇನ್ನೊಮ್ಮೆ ವಾಪಸ್ ಬಂದರೆ ಆ ಕೆಲಸ ಬೇರೆಯವರ ಪಾಲು.

ಅದು ವಾಪಸ್ ಬಂದ ದಿನ ನಾನು, "ಅದು ನಮ್ಮತ್ತೆ ಹಂಗೇ ಮಾರಾಯ್ತಿ. ನೆಂಟರ ಮನೆಗೆ ಹೋದ್ರೂ ಅವರ ಒಲೆ ಮುಂದೆ ಕೂತು ತಾವು ಮಾಡಿದ್ದೆಲ್ಲಾ ಹೇಳ್ತಾರೆ. ಬಾಯಿ ಮುಚ್ಚಿಸಿಬಿಡು" ಎಂದಿದ್ದೆ.

"ಹೌದಲ್ವಾ ಮತ್ತೆ" ಎಂದು ನಕ್ಕಳು. ಯಾವುದಕ್ಕೂ ಅವಳ ಮೊದಲ ಮಾತು ಅದೇ. "ಆದ್ರೆ ತಪ್ಪಾದ್ರೆ ಗೊತ್ತಾಗ್ಬೇಕಲ್ಲ ಅಕ್ಕಾ. ಅದು ಹೇಳ್ತಿರ್ಲಿ. ಎಷ್ಟು ಬರ್ಕಳ್ಬೇಕು, ಎಲ್ಲಿ ಬರ್ಕಳ್ಬೇಕು ಅನ್ನೋದು ಆ ಆಫೀಸಿನವರಿಗೆ ಬಿಟ್ಟಿದ್ದು. ಅವರು ಏನೂ ಹೇಳ್ಲಿಲ್ವಾ, ಇದು ಸುಮ್ನಿರ್ಬೇಕು."

ಹಾಗೆಯೇ ತಿದ್ದಿ ಕಳಿಸಿದ್ದಳು. ಅದನ್ನೇ ಈಗ ಒಪ್ಪಿಕೊಂಡಿದ್ದರು.

"ಜೋಗದ ಆಫೀಸಿನವರು ಎಲ್ಲಾ ಬರ್ಕಂತಾರಂತೆ. ಲಿಂಗನಮಕ್ಕಿಯವರು ಬರ್ಕಳದ್ರ ಬಗ್ಗೆ ಏನೂ ಹೇಳೇ ಇಲ್ಲ. ಅಲ್ಲಿ ಒಂದು ವಾರದಿಂದ ಓಡ್ತಿದೆ, ನಂದು ಒಂದು ಸಾಲೂ ಅಚ್ಚಾಗಿಲ್ಲ" ಎಂದಳು. ಜೋಗಕ್ಕಿಂತ ಲಿಂಗನಮಕ್ಕಿಯ ಸುದ್ದಿ ಹೇಳುವಾಗಲೇ ಅವಳ ಮುಖ ಹೆಚ್ಚು ಅರಳಿತ್ತು.

ಇವತ್ತಿಗೆ ದೇವರು ಇಷ್ಟು ಕೊಟ್ಟನಲ್ಲ ಎಂದುಕೊಂಡು, ಅವಳ ಬಾಯಿಗೊಂದು ಬೆಲ್ಲದ ಚೂರು ಹಾಕಿ, ಅಕ್ಕಿ ತೊಳೆಯಲು ಎದ್ದೆ.